ಬಾ ಅಂದರೆ ಬರಲ್ಲ, ಹತ್ತಡಿ ದೂರ ನಿಂತು ನೋಡ್ತಾನೆ!

ಪ್ರಶ್ನೆ: ನಮ್ಮ ಮಿಂಚು ಎಂಟು ತಿಂಗಳ ಗಂಡು ಮುಧೋಳ ನಾಯಿ. ಮುಧೋಳ ಹತ್ತಿರದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ತಂದ ಮರಿ. ಮನೆಯೊಳಗೆ ಬಂಗಾರದಂಥವನು. ಆದರೆ ಗೇಟ್ ತೆರೆದರೆ ಸಾಕು, ಓಟ. ಎಷ್ಟು ಕರೆದರೂ ಬರಲ್ಲ, ಹತ್ತಡಿ ದೂರದಲ್ಲಿ ನಿಂತು ನೋಡುತ್ತಾನೆ, ಹತ್ತಿರ ಹೋದರೆ ಮತ್ತೆ ಓಡುತ್ತಾನೆ. ಕೊನೆಗೆ ಅವನಾಗೇ ಬಂದಾಗ ನಮ್ಮ ಮಾವ ಪೇಪರ್ ಸುತ್ತಿ ಎರಡು ಬಾರಿಸುತ್ತಾರೆ. ಆಗ ಕಿವಿ ಹಿಂದಕ್ಕೆ ಹಾಕಿ, ಬಾಲ ಮುದುರಿಕೊಂಡು ಕೂರುತ್ತಾನೆ. ಅಂದರೆ ತಪ್ಪು ಮಾಡಿದ್ದು ಅವನಿಗೂ ಗೊತ್ತು ಅಲ್ವಾ? ಆದರೂ ಮರುದಿನ ಅದೇ ಕಥೆ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಮೊದಲು ಆ ಪೇಪರನ್ನು ನಿಮ್ಮ ಮಾವನವರಿಗೆ ಓದೋಕೆ ವಾಪಸ್ ಕೊಟ್ಟುಬಿಡಿ.

ಮಿಂಚುವಿನ ಲೆಕ್ಕದಲ್ಲಿ ಇಲ್ಲಿ ಏನಾಯಿತು ನೋಡಿ. ಓಡಿದ, ಮಜಾ ಬಂತು. ಬೀದಿ ಸುತ್ತಿದ, ಇನ್ನೂ ಮಜಾ. ಮನೆಗೆ ಬಂದ, ಏಟು ಬಿತ್ತು. ನೀವು ಹೊಡೆದದ್ದು ಅರ್ಧ ಗಂಟೆ ಹಿಂದಿನ ಓಟಕ್ಕೆ. ಅವನಿಗೆ ತಿಳಿದದ್ದು ಮಾತ್ರ ‘ಹತ್ತಿರ ಬಂದರೆ ಬೀಳುತ್ತೆ’ ಅಂತ. ನಾಯಿ ಪೆಟ್ಟನ್ನೂ ತಿಂಡಿಯನ್ನೂ ತಾನು ಆಗಷ್ಟೇ ಮಾಡಿದ ಕೆಲಸಕ್ಕೇ ಜೋಡಿಸುತ್ತದೆ. ಹಾಗಾಗಿ ಇಷ್ಟು ದಿನ ನೀವೇ ಅವನಿಗೆ ಬರಬೇಡ ಅಂತ ಪಾಠ ಹೇಳಿಕೊಟ್ಟಿದ್ದೀರಿ, ಅವನು ಜಾಣ, ಬೇಗ ಕಲಿತಿದ್ದಾನೆ. ಬೇಜಾರು ಮಾಡಿಕೊಳ್ಳಬೇಡಿ, ನನ್ನ ಮೊದಲ ನಾಯಿಗೆ ನಾನೂ ಇದನ್ನೇ ಮಾಡಿದ್ದೆ, ಅದೂ ಚಪ್ಪಲಿಯಲ್ಲಿ.

ಇನ್ನು ಆ ‘ತಪ್ಪಿತಸ್ಥ’ ಮುಖ. ಎಲ್ಲರೂ ಮೋಸ ಹೋಗೋದು ಇಲ್ಲೇ. ನಾಯಿಗಳ ವರ್ತನೆ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಮುಟ್ಟಬೇಡ ಅಂದ ತಿಂಡಿಯನ್ನು ಕೆಲವು ನಾಯಿ ತಿಂದಿದ್ದವು, ಕೆಲವು ತಿಂದಿರಲಿಲ್ಲ. ಆದರೆ ತಿಂದೇ ಇಲ್ಲದ ನಾಯಿಯನ್ನೂ ‘ತಿಂದಿದೆ’ ಅಂತ ಮಾಲೀಕರಿಗೆ ಹೇಳಿ ಬೈಸಿದರು. ಆ ಮುಖ ಬಂದದ್ದು ಬೈಗುಳಕ್ಕೆ, ತಪ್ಪಿಗಲ್ಲ. ತಿನ್ನದೆ ಬೈಸಿಕೊಂಡ ಪಾಪದ ನಾಯಿಗಳಲ್ಲೇ ಅದು ಜಾಸ್ತಿ ಕಂಡಿತಂತೆ. ಹಾಗಾಗಿ ಕಿವಿ ಹಿಂದಕ್ಕೆ ಹೋದರೆ, ಸುಮ್ಮಸುಮ್ಮನೆ ತುಟಿ ನೆಕ್ಕಿಕೊಂಡರೆ, ಮುಖ ತಿರುಗಿಸಿ ಆಕಳಿಸಿದರೆ ಅದನ್ನು ಹೆದರಿಕೆ ಅಂತಲೇ ಓದಿಕೊಳ್ಳಿ.

ಈಗ ಕೆಲಸಕ್ಕೆ ಬರೋಣ. ‘ಬಾ’ ಅನ್ನೋ ಮಾತು ನಿಮ್ಮ ಮನೆಯಲ್ಲಿ ಕೆಟ್ಟುಹೋಗಿದೆ, ಅದನ್ನು ಬಿಟ್ಟು ಹೊಸದೊಂದು ಹಿಡಿಯಿರಿ. ‘ಇಲ್ಲಿ!’ ಅನ್ನಿ, ಇಲ್ಲವೇ ಒಂದು ಸೀಟಿ ತನ್ನಿ. ಮನೆಮಂದಿಗೆಲ್ಲ ಒಂದೇ ಮಾತು ಇರಲಿ. ನೀವು ಬಾ, ಮಾವ ಬಾರೋ, ಮಕ್ಕಳು ಕಮ್ ಕಮ್ ಅಂದರೆ ಅವನೇನು ಮಾಡಬೇಕು? (ನಾವೆಲ್ಲ ಮನೆಯಲ್ಲಿ ಕನ್ನಡ ಮಾತಾಡಿ ನಾಯಿಗೆ ಮಾತ್ರ ಇಂಗ್ಲಿಷ್ ಹೇಳೋದು ಯಾಕೋ ನನಗೆ ಇವತ್ತಿಗೂ ಅರ್ಥ ಆಗಿಲ್ಲ.)

ಬೇಯಿಸಿದ ಕೋಳಿಯನ್ನು ಕಡಲೆಕಾಳಿನಷ್ಟು ಚಿಕ್ಕದಾಗಿ ಹರಿದಿಟ್ಟುಕೊಳ್ಳಿ. ಮೂಳೆ, ಈರುಳ್ಳಿ, ಮಸಾಲೆ ಬೇಡ. ಸಸ್ಯಾಹಾರಿಗಳ ಮನೆಯಾದರೆ ಪನೀರ್ ನಡೆಯುತ್ತೆ. ಊಟಕ್ಕೆ ಮುಂಚೆ, ಹೊಟ್ಟೆ ಹಸಿದಿರುವಾಗ, ಹಾಲ್‌ನಲ್ಲೇ ಎರಡು ಹೆಜ್ಜೆ ದೂರ ನಿಂತು ‘ಇಲ್ಲಿ!’ ಅನ್ನಿ. ಅವನು ಬಂದ ತಕ್ಷಣ, ಅಂದರೆ ಒಂದೆರಡು ಸೆಕೆಂಡಿನೊಳಗೆ, ಬಾಯಿಗೆ ತುಂಡು ಬೀಳಬೇಕು. ಆಮೇಲೆ ಜೇಬು ತಡಕಾಡಿ, ಡಬ್ಬಿ ಮುಚ್ಚಳ ತೆಗೆದು ಕೊಡುವಷ್ಟರಲ್ಲಿ ಅವನು ಬಂದು ಕೂತು, ಕೆರೆದುಕೊಂಡು, ಎದ್ದಿರುತ್ತಾನೆ, ನೀವು ಬಹುಮಾನ ಕೊಟ್ಟದ್ದು ಕೆರೆತಕ್ಕೆ! ಒಂದು ಸಲಕ್ಕೆ ಎರಡು ನಿಮಿಷ, ದಿನಕ್ಕೆ ಮೂರು ಸಲ ಸಾಕು. ಒಂದು ವಾರ ಹಾಲ್, ಮುಂದಿನ ವಾರ ಒಂದು ರೂಮಿನಿಂದ ಇನ್ನೊಂದಕ್ಕೆ, ಆಮೇಲೆ ಗೇಟ್ ಹಾಕಿದ ಅಂಗಳ. ಹತ್ತಕ್ಕೆ ಒಂಬತ್ತು ಸಲ ಬಂದರೆ ಮುಂದಕ್ಕೆ ಹೋಗಿ, ಇಲ್ಲಾಂದ್ರೆ ಅಲ್ಲೇ ಇರಿ.

ಮೈದಾನಕ್ಕೆ ಹೋಗುವಾಗ ಹತ್ತು ಮೀಟರ್ ಹಗುರ ಹಗ್ಗ ಬೇಕು. ಹಗ್ಗ ಕಟ್ಟೋದು ಕುತ್ತಿಗೆ ಪಟ್ಟಿಗಲ್ಲ, ಎದೆಗೆ ಹಾಕುವ ಬೆಲ್ಟಿಗೆ. ಮುಧೋಳದವನು ಒಮ್ಮೆಲೇ ವೇಗ ಹಿಡಿದು ಹಗ್ಗದ ತುದಿಗೆ ಬಂದರೆ ಕುತ್ತಿಗೆ ಏನಾಗಬೇಡ? ತಲೆ ಸಪೂರ ಬೇರೆ, ಪಟ್ಟಿ ಸಲೀಸಾಗಿ ಜಾರಿಬಿಡುತ್ತದೆ.

ಇನ್ನೊಂದು ಗುಟ್ಟು, ಇದನ್ನು ತುಂಬಾ ಜನ ಮರೆಯುತ್ತಾರೆ. ಕರೆದಾಗ ಬಂದ ಕೂಡಲೇ ಪ್ರತಿ ಸಲ ಚೈನ್ ಹಾಕಿ ಮನೆಗೆ ಎಳೆದುಕೊಂಡು ಹೋದರೆ ‘ಇಲ್ಲಿ!’ ಅಂದರೆ ಆಟ ಮುಗಿಯಿತು ಅಂತ ಅರ್ಥವಾಗುತ್ತೆ. ಬಂದ, ತುಂಡು ಕೊಟ್ಟಿರಿ, ಬೆನ್ನು ಸವರಿದಿರಿ, ‘ಹೋಗು’ ಅಂತ ಮತ್ತೆ ಬಿಟ್ಟಿರಿ. ಹತ್ತರಲ್ಲಿ ಎಂಟು ಸಲ ಹೀಗೇ ಆಗಲಿ.

ಅಕಸ್ಮಾತ್ ತಪ್ಪಿಸಿಕೊಂಡರೆ ಬೆನ್ನಟ್ಟಬೇಡಿ. ಓಟದಲ್ಲಿ ನೀವು ಗೆಲ್ಲಲ್ಲ, ಅವನಿಗೆ ಅದು ಆಟ. ಹೆಸರು ಕೂಗಿ ನೀವೇ ಉಲ್ಟಾ ದಿಕ್ಕಿಗೆ ಓಡಿ, ಇಲ್ಲವೇ ಕುಕ್ಕರಗಾಲಲ್ಲಿ ಕೂತು ನೆಲ ಕೆದಕಿ. ಏನಿರಬಹುದು ಅಂತ ನೋಡೋಕಾದರೂ ಬರುತ್ತಾನೆ. ಬಂದಾಗ ಎಷ್ಟೇ ಸಿಟ್ಟಿದ್ದರೂ ತಿಂಡಿ ಕೊಡಲೇಬೇಕು. ಹಲ್ಲು ಕಚ್ಚಿಕೊಂಡಾದರೂ ಕೊಡಿ.

ಒಂದು ಮಾತು ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತೇನೆ. ಇದು ಕಣ್ಣು ನಂಬಿ ಬೇಟೆಯಾಡುವ ತಳಿ. ದೂರದಲ್ಲಿ ಮೊಲವೋ ಬೆಕ್ಕೋ ಓಡಿದರೆ ಕಿವಿ ಮುಚ್ಚಿಹೋದಂತೆಯೇ. ಎಷ್ಟೇ ಚೆನ್ನಾಗಿ ಕಲಿತರೂ ರಸ್ತೆ ಪಕ್ಕ ಹಗ್ಗ ಬಿಚ್ಚಬೇಡಿ. 2005ರಲ್ಲಿ ಇದರ ಚಿತ್ರ ಅಂಚೆ ಚೀಟಿಯಲ್ಲಿ ಬಂದಿತ್ತು ಅಂತ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತೇವೆ, ಆಮೇಲೆ ಮೂವತ್ತು-ನಲವತ್ತು ಸೈಟಿನ ಮನೆಯಲ್ಲಿ ದಿನವಿಡೀ ಕಟ್ಟಿಹಾಕುತ್ತೇವೆ. ಬೆಳಿಗ್ಗೆ ಸಂಜೆ ಬೇಲಿ ಇರುವ ಜಾಗದಲ್ಲಿ ಅವನಿಗೆ ಓಡಲು ಸಿಕ್ಕರೆ ಗೇಟಿನ ಕಡೆಗಿರುವ ಅರ್ಧ ಗಮನ ತಾನಾಗೇ ಕಮ್ಮಿಯಾಗುತ್ತೆ.

ಪ್ರಶ್ನೆ: ನಾಲ್ಕು ತಿಂಗಳ ಲ್ಯಾಬ್ರಡಾರ್ ಮರಿ ಕೈ, ಕಾಲು, ಸೀರೆ ಸೆರಗು ಎಲ್ಲ ಕಚ್ಚುತ್ತದೆ. ಸಿಟ್ಟಿನ ನಾಯಿ ಆಗಿಬಿಡುತ್ತಾ?
– ಓದುಗರು, ತುಮಕೂರು

ಉತ್ತರ: ಸಿಟ್ಟಲ್ಲ, ಹಲ್ಲು. 28 ಹಾಲುಹಲ್ಲು ಬಿದ್ದು 42 ಹೊಸ ಹಲ್ಲು ಬರುವ ಕಾಲ ಇದು, ಆರೇಳು ತಿಂಗಳವರೆಗೂ ವಸಡು ಕಡಿಯುತ್ತಿರುತ್ತದೆ. ಕಚ್ಚಿದಾಗ ಕೈ ಕೊಡವಿ ಕೂಗಾಡಿದರೆ ಅದಕ್ಕೆ ಇನ್ನೂ ಹುರುಪು. ಸುಮ್ನೆ ಮರದ ಹಾಗೆ ನಿಂತುಬಿಡಿ, ಬಿಡಲಿಲ್ಲ ಅಂದರೆ ಅರ್ಧ ನಿಮಿಷ ಎದ್ದು ಆಚೆ ಹೋಗಿ. ಹಳೇ ಟವೆಲ್ ಒದ್ದೆ ಮಾಡಿ, ಗಂಟು ಹಾಕಿ, ಫ್ರೀಜರ್‌ನಲ್ಲಿಟ್ಟು ಕೊಡಿ, ಎದುರಿಗೇ ಕೂತು ಕಚ್ಚಿಸಿ. ಅದನ್ನು ಕಚ್ಚುವಾಗ ‘ಶಭಾಶ್’ ಅನ್ನೋದು ಮರೆಯಬೇಡಿ. ಹಳೇ ಚಪ್ಪಲಿ ಮಾತ್ರ ಆಟಕ್ಕೆ ಕೊಡಬೇಡಿ, ಹಳೇದು ಯಾವುದು, ನಿನ್ನೆ ಕೊಂಡದ್ದು ಯಾವುದು ಅಂತ ಮರಿಗೆ ಗೊತ್ತಾಗಲ್ಲ.