ಪ್ರತಿಕ್ರಿಯೆ: ಕೃಷಿ ಪದವಿಯಿಂದ ಆಹಾರ ಕಾರ್ಖಾನೆಯ ಗುಣಮಟ್ಟ ವಿಭಾಗಕ್ಕೆ

ಕೃಷಿ ಪದವೀಧರರಾದ ನಿಮ್ಮನ್ನು ಆಹಾರ ಕಾರ್ಖಾನೆಗಳು ಸಂದರ್ಶನದಲ್ಲೇ ಕೈಬಿಡುತ್ತಿರುವುದಕ್ಕೆ ಕಾರಣ ಬಹುಶಃ ಇದು: ನಿಮ್ಮ ಓದು ಕೊಯ್ಲಿಗೆ ನಿಲ್ಲುತ್ತದೆ, ಅವರ ಪ್ರಶ್ನೆಗಳು ಶುರುವಾಗುವುದೇ ಅಲ್ಲಿಂದ. ನಾನೂ ಎರಡು ಸಲ ಅಲ್ಲೇ ಎಡವಿದ್ದೆ.

ಮೊದಲು ಎಚ್‌ಎಸಿಸಿಪಿ ಕಲಿಯಿರಿ, ಅಂದರೆ ಆಹಾರದ ಅಪಾಯಗಳನ್ನು ಮುಂಚೆಯೇ ಗುರುತಿಸಿ ತಡೆಯುವ ಪದ್ಧತಿ. ಅದರ 7 ತತ್ವಗಳನ್ನು ಬಾಯಿಪಾಠ ಮಾಡಿದರೆ ಸಾಲದು. ಹಾಲನ್ನೇ ತೆಗೆದುಕೊಳ್ಳಿ. ಟ್ಯಾಂಕರ್ ಬಂದಲ್ಲಿಂದ ಪ್ಯಾಕ್ ಆಗುವವರೆಗಿನ ಹಂತಗಳನ್ನು ಹಾಳೆಯ ಮೇಲೆ ಬರೆದು, ಪ್ರತಿಯೊಂದರಲ್ಲೂ ಏನು ಕೆಡಬಹುದು, ಯಾವುದು ತಪ್ಪಿದರೆ ಮುಂದೆ ಸರಿಪಡಿಸಲಾಗದು ಎಂದು ಗುರುತು ಹಾಕಿ. ಇಲ್ಲಿ ಅದು ಪಾಶ್ಚರೀಕರಣ, ಅಂದರೆ ಹಾಲನ್ನು ಕಾಯಿಸಿ ರೋಗಾಣುಗಳನ್ನು ಕೊಲ್ಲುವ ಹಂತ: 72 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 15 ಸೆಕೆಂಡು. ಆ ಹಾಳೆಯನ್ನು ಸಂದರ್ಶನಕ್ಕೆ ಒಯ್ಯಿರಿ. ಪ್ರಮಾಣಪತ್ರಕ್ಕಿಂತ ಹೆಚ್ಚು ಮಾತು ಅದೇ ಆಡುತ್ತದೆ.

ಆಮೇಲೆ ಹುದ್ದೆಯ ಆಯ್ಕೆ ಬದಲಿಸಿ. ಕಚ್ಚಾವಸ್ತು ತಪಾಸಣೆ ನಿಮಗೆ ಹೇಳಿ ಮಾಡಿಸಿದ ಕೆಲಸ. ಕಾಳಿನ ತೇವಾಂಶ, ಕೀಟನಾಶಕದ ಉಳಿಕೆ, ಶೇಂಗಾ ಮತ್ತು ಮೆಕ್ಕೆಜೋಳದ ಅಫ್ಲಾಟಾಕ್ಸಿನ್ (ಬೂಷ್ಟಿನಿಂದ ಹುಟ್ಟುವ ವಿಷ) ಇವೆಲ್ಲ ಹೊಲದಿಂದ, ಉಗ್ರಾಣದಿಂದ ಬರುವ ತೊಂದರೆಗಳು. ಅವುಗಳ ಮೂಲ ನಿಮಗೆ ಗೊತ್ತು, ಬರೀ ಪ್ರಯೋಗಾಲಯದಲ್ಲಿ ಪಳಗಿದವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ.

ನಿಮ್ಮ ರೆಸ್ಯೂಮೆ ನೋಡದೆ ಇಷ್ಟು ಹೇಳಿದ್ದೇನೆ. ಯಾವ ಪ್ರಶ್ನೆಗೆ ತಡವರಿಸಿದಿರಿ ಎಂದು ಬರೆದರೆ ಇನ್ನೂ ನಿಖರವಾಗಿ ಹೇಳಬಹುದು.