ನಕ್ಕರೆ ಕೆಮ್ಮು, ನಕ್ಕರೆ ಮೂತ್ರ ಸೋರಿಕೆ: ನಗುವಿನ ಬಗ್ಗೆ ಕೊಡಗಿನ ಓದುಗರ ಪ್ರಶ್ನೆಗಳು

ಪ್ರಶ್ನೆ: ನನಗೆ 68 ವರ್ಷ, ಮಡಿಕೇರಿಯವನು. ಹತ್ತು ವರ್ಷದಿಂದ ಬಿಪಿ ಮಾತ್ರೆ ನುಂಗುತ್ತಿದ್ದೇನೆ. ಬೆಳಗ್ಗೆ ವಾಕಿಂಗ್ ಬರುವ ನಾವೊಂದಷ್ಟು ಜನ ನಗೆಕೂಟ ಶುರುಮಾಡಬೇಕೆಂದಿದ್ದೇವೆ. ಕಾರಣವೇ ಇಲ್ಲದೆ ಹಹ್ಹಹ್ಹಾ ಅಂದರೆ ನಿಜಕ್ಕೂ ಪ್ರಯೋಜನ ಇದೆಯೇ? ಬಿಪಿ ಏರುವುದಿಲ್ಲವೇ?

ಉತ್ತರ: ಏರುತ್ತದೆ, ಆದರೆ ನಗುವಷ್ಟು ಹೊತ್ತು ಮಾತ್ರ. ಜೋರಾಗಿ ನಗುವಾಗ ವಪೆ ಮತ್ತು ಪಕ್ಕೆಲುಬಿನ ಸ್ನಾಯುಗಳು ಮತ್ತೆ ಮತ್ತೆ ಕುಗ್ಗಿ ಗಾಳಿಯನ್ನು ತುಂಡುತುಂಡಾಗಿ ಹೊರಗೆ ತಳ್ಳುತ್ತವೆ. ಒಂದು ‘ಹ’ದಿಂದ ಮುಂದಿನ ‘ಹ’ಕ್ಕೆ ಇರುವ ಅಂತರ ಸೆಕೆಂಡಿನ ಐದನೇ ಒಂದು ಭಾಗದಷ್ಟೇ. ಆಗ ಎದೆಬಡಿತ, ಬಿಪಿ ಎರಡೂ ಮೇಲೇರಿ, ನಗು ನಿಂತ ಮೇಲೆ ಇಳಿಯುತ್ತವೆ, ಸ್ನಾಯುಗಳ ಬಿಗಿ ಸಡಿಲವಾಗುತ್ತದೆ. 2005ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು 20 ಮಂದಿ ಆರೋಗ್ಯವಂತರಿಗೆ ಹಾಸ್ಯ ಚಿತ್ರವನ್ನೂ ಆತಂಕ ಹುಟ್ಟಿಸುವ ಚಿತ್ರವನ್ನೂ ತೋರಿಸಿ, ತೋಳಿನ ರಕ್ತನಾಳ ಎಷ್ಟು ಹಿಗ್ಗುತ್ತದೆ ಎಂದು ಅಳೆದಿದ್ದರು. ನಕ್ಕ ಮೇಲೆ ರಕ್ತದ ಹರಿವು ಸರಾಸರಿ 22 ಶೇಕಡ ಹೆಚ್ಚಾಗಿತ್ತು, ಆತಂಕದ ಚಿತ್ರದ ಬಳಿಕ 35 ಶೇಕಡ ಕಡಿಮೆಯಾಗಿತ್ತು. ಪ್ರಯೋಗ ಚಿಕ್ಕದು, ನಿಜ. ನಗು ರಕ್ತನಾಳವನ್ನೂ ಮುಟ್ಟುತ್ತದೆ ಎಂಬುದಕ್ಕೆ ಅದೊಂದು ಒಳ್ಳೆಯ ಸುಳಿವು. ಬಿಪಿ ಮಾತ್ರೆ ಬಿಡುವುದಕ್ಕೆ ಮಾತ್ರ ಅದು ಕಾರಣವಾಗದು.

ಇನ್ನು ಸುಳ್ಳು ನಗು, ನಿಜ ನಗು. ಎರಡರ ವ್ಯತ್ಯಾಸ ದೇಹಕ್ಕೆ ಗೊತ್ತಾಗುವುದಿಲ್ಲ ಎಂದು ನಗೆಕೂಟಗಳಲ್ಲಿ ಹೇಳುವುದುಂಟು. ಅಷ್ಟು ಖಚಿತವಾಗಿ ಹೇಳಲು ಆಧಾರವಿಲ್ಲ. ಉಸಿರಾಟದ ವ್ಯಾಯಾಮ ಎರಡರಲ್ಲೂ ಸಿಗುತ್ತದೆ. ಒಬ್ಬರ ನಗು ಇನ್ನೊಬ್ಬರಿಗೆ ಹತ್ತುವುದರಿಂದ ಗುಂಪಿನಲ್ಲಿ ಸುಳ್ಳಾಗಿ ಶುರುವಾದದ್ದು ಸ್ವಲ್ಪ ಹೊತ್ತಿನಲ್ಲಿ ನಿಜವೇ ಆಗಿಬಿಡುವುದುಂಟು. ಹಾಗಾಗಿ ಒಬ್ಬರೇ ಕನ್ನಡಿ ಮುಂದೆ ನಿಂತು ನಗುವುದಕ್ಕಿಂತ ನಿಮ್ಮ ವಾಕಿಂಗ್ ಗುಂಪೇ ವಾಸಿ.

ಮಾಡುವ ಕ್ರಮ ಹೀಗಿರಲಿ. ಒಟ್ಟು 15–20 ನಿಮಿಷ ಸಾಕು. ಮೊದಲ ಎರಡು ನಿಮಿಷ ಅಂಗೈ ಪೂರ್ತಿ ತಾಗುವಂತೆ ಚಪ್ಪಾಳೆ ತಟ್ಟುತ್ತಾ ‘ಹೋ ಹೋ, ಹ ಹ ಹ’ ಅನ್ನಿ. ಆಮೇಲೆ ಕೈ ಮೇಲೆತ್ತುತ್ತಾ ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಕೈ ಇಳಿಸುತ್ತಾ ಬಾಯಿಂದ ಆರು ಎಣಿಸುವಷ್ಟು ಹೊರಗೆ. ಹೀಗೆ ಎರಡು ಸಲ. ಬಳಿಕ ಒಬ್ಬರ ಕಣ್ಣು ಒಬ್ಬರು ನೋಡುತ್ತಾ 30–45 ಸೆಕೆಂಡು ನಗು, ಮತ್ತೆ ಎರಡು ಉಸಿರು. ಇದೇ ಸುತ್ತನ್ನು ಎಂಟು ಹತ್ತು ಸಲ ಮಾಡಿ, ಕೊನೆಗೆ ಎರಡು ನಿಮಿಷ ಸುಮ್ಮನೆ ಕೂರಿ.

ತಪ್ಪುವುದು ಎಲ್ಲಿ? ಗಂಟಲಿನಿಂದ ಕಿರುಚುವವರಿಗೆ ಮರುದಿನ ದನಿ ಒಡೆಯುತ್ತದೆ. ಹೊಟ್ಟೆ ಒಳಗೆ ಹೋಗುವಂತೆ, ಕೆಳಗಿನಿಂದ ನಗಬೇಕು. ಉಸಿರು ಬಿಗಿಹಿಡಿದು ತಿಣುಕುವುದು ಇನ್ನೊಂದು ತಪ್ಪು, ಬಿಪಿ ಇರುವವರಿಗೆ ತಲೆಸುತ್ತು ಬರುವುದು ಆಗಲೇ. ಡಿಸೆಂಬರ್, ಜನವರಿಯಲ್ಲಿ ಮಂಜು ಕವಿದಿರುವ ಆರು ಗಂಟೆಗೆ ಬಯಲಲ್ಲಿ ನಿಲ್ಲಬೇಡಿ. ಚಳಿಯೇ ರಕ್ತನಾಳವನ್ನು ಬಿಗಿಯುತ್ತದೆ, ಅದರ ಮೇಲೆ ಜೋರು ನಗು ಬೇಡ. ಎಂಟು ಗಂಟೆಯ ಬಿಸಿಲಿಗೆ ಮಾಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗೊಂದು ಹಾಲ್ ನೋಡಿಕೊಳ್ಳಿ. ಬಿಪಿ 180/110ರ ಹತ್ತಿರ ಇದ್ದರೆ, ಇತ್ತೀಚೆಗೆ ಹೃದಯಾಘಾತ ಆಗಿದ್ದರೆ, ಹರ್ನಿಯಾ ಅಥವಾ ರಕ್ತ ಬೀಳುವ ಮೂಲವ್ಯಾಧಿ ಇದ್ದರೆ, ಹೊಟ್ಟೆಯ ಆಪರೇಷನ್ ಆಗಿ ಮೂರು ತಿಂಗಳು ಕಳೆದಿರದಿದ್ದರೆ ಕೂಟಕ್ಕೆ ಸೇರುವ ಮುನ್ನ ವೈದ್ಯರನ್ನು ಕೇಳಲೇಬೇಕು.

ಇನ್ನೊಂದು ಮಾತು. 1995ರಲ್ಲಿ ಮುಂಬೈಯ ಉದ್ಯಾನವೊಂದರಲ್ಲಿ ಡಾ. ಮದನ್ ಕಟಾರಿಯಾ ಐದೇ ಜನರೊಂದಿಗೆ ನಗೆಕೂಟ ಶುರುಮಾಡಿದಾಗ ಜೋಕು ಹೇಳಿಯೇ ನಗಿಸುತ್ತಿದ್ದರು. ಕೆಲವೇ ದಿನಗಳಲ್ಲಿ ಒಳ್ಳೆಯ ಜೋಕುಗಳು ಖಾಲಿಯಾಗಿ, ಉಳಿದವು ಜನರನ್ನು ನೋಯಿಸತೊಡಗಿದವು. ಜೋಕಿಲ್ಲದೆ ನಗುವ ಪದ್ಧತಿ ಹುಟ್ಟಿದ್ದು ಹಾಗೆ. ನಿಮ್ಮ ಕೂಟದಲ್ಲೂ ಒಬ್ಬರ ಜಾತಿ, ಮೈಬಣ್ಣ, ಹೆಂಡತಿ ಇವೆಲ್ಲ ನಗುವಿನ ಸರಕಾಗದಿರಲಿ. ಗೇಲಿಗೆ ಒಳಗಾದವರ ಮೈಗೆ ಅದು ನಗುವಾಗಿ ಇಳಿಯುವುದಿಲ್ಲ, ಒತ್ತಡವಾಗಿಯೇ ಇಳಿಯುತ್ತದೆ.

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವಳು, ವಯಸ್ಸು 46, ಎರಡೂ ಹೆರಿಗೆ ನಾರ್ಮಲ್. ಜೋರಾಗಿ ನಕ್ಕರೆ ಮೂತ್ರ ಸೋರುತ್ತದೆ. ಮದುವೆ ಮನೆಗಳಲ್ಲಿ ಎಲ್ಲರೂ ನಗುವಾಗ ನಾನು ಎದ್ದು ಹೋಗುತ್ತೇನೆ. ಯಾರ ಹತ್ತಿರವೂ ಹೇಳಿಕೊಂಡಿಲ್ಲ.

ಉತ್ತರ: ಹೇಳಿಕೊಂಡಿದ್ದು ಒಳ್ಳೆಯದಾಯಿತು. ಇದು ಬಹಳ ಹೆಂಗಸರಿಗೆ ಇದೆ, ಹೆಚ್ಚಿನವರಿಗೆ ಆಪರೇಷನ್ ಇಲ್ಲದೆಯೇ ಕಡಿಮೆಯಾಗುತ್ತದೆ. ನಗುವಾಗ ಹೊಟ್ಟೆಯೊಳಗಿನ ಒತ್ತಡ ಒಮ್ಮೆಗೇ ಮೂತ್ರಚೀಲದ ಮೇಲೆ ಬೀಳುತ್ತದೆ. ಆ ಹೊತ್ತಿಗೆ ಮೂತ್ರನಾಳವನ್ನು ಮುಚ್ಚಿ ಹಿಡಿಯಬೇಕಾದದ್ದು ಪೆಲ್ವಿಕ್ ಫ್ಲೋರ್, ಅಂದರೆ ಕಾಲುಗಳ ನಡುವೆ ಜೋಳಿಗೆಯಂತೆ ಹರಡಿರುವ ಸ್ನಾಯು. ಹೆರಿಗೆ, ಮುಟ್ಟು ನಿಲ್ಲುವ ವಯಸ್ಸು, ಹಳೆಯ ಕೆಮ್ಮು, ಮಲಬದ್ಧತೆ, ಹೆಚ್ಚಿದ ತೂಕ ಇವುಗಳಿಂದ ಅದು ಸಡಿಲವಾಗುತ್ತದೆ. ಕಾಫಿ ಕೊಯ್ಲಿನಲ್ಲಿ ತುಂಬಿದ ಚೀಲ ಎತ್ತುವವರಿಗೆ ಇನ್ನೂ ಬೇಗ.

ಕೀಗೆಲ್ ವ್ಯಾಯಾಮ ಇದಕ್ಕೆ ಮೊದಲ ಚಿಕಿತ್ಸೆ. ಮಂಡಿ ಮಡಚಿ ಮಲಗಿ. ಹೂಸು ತಡೆಹಿಡಿಯುವಾಗಲೂ ಮೂತ್ರ ತಡೆಯುವಾಗಲೂ ಯಾವ ಜಾಗವನ್ನು ಬಿಗಿಯುತ್ತೀರೋ ಅದನ್ನು ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿ. ಮೊದಲ ವಾರ ಮೂರ್ನಾಲ್ಕು ಸೆಕೆಂಡು ಹಿಡಿದರೆ ಸಾಕು, ನಿಧಾನವಾಗಿ ಹತ್ತಕ್ಕೆ ಏರಿಸಿ. ಹಿಡಿದಷ್ಟೇ ಹೊತ್ತು ಸಡಿಲ ಬಿಡಬೇಕು. ಇದು 8–10 ಸಲ. ಆಮೇಲೆ ಥಟ್ಟನೆ ಬಿಗಿದು ಬಿಡುವುದು ಹತ್ತು ಸಲ. ದಿನಕ್ಕೆ ಮೂರು ಬಾರಿ, ಕನಿಷ್ಠ ಮೂರು ತಿಂಗಳು. ಎರಡು ವಾರ ಮಾಡಿ ಏನೂ ಆಗಲಿಲ್ಲವೆಂದು ಬಿಡುವವರೇ ಜಾಸ್ತಿ. ಸ್ನಾಯು ಬಲಿಯಲು ಸಮಯ ಬೇಕು.

ಅತಿ ಸಾಮಾನ್ಯ ತಪ್ಪು, ಮಲವಿಸರ್ಜನೆಗೆ ತಿಣುಕಿದಂತೆ ಕೆಳಕ್ಕೆ ತಳ್ಳುವುದು. ಅದರಿಂದ ಸೋರಿಕೆ ಹೆಚ್ಚುತ್ತದೆ. ಹೊಟ್ಟೆಯ ಮೇಲೊಂದು ಕೈಯಿಟ್ಟು ನೋಡಿ, ಹೊಟ್ಟೆ ಉಬ್ಬಿದರೆ ತಪ್ಪು ಮಾಡುತ್ತಿದ್ದೀರಿ ಎಂದರ್ಥ. ತೊಡೆ, ಪೃಷ್ಠ ಬಿಗಿಯಬಾರದು, ಉಸಿರು ಕಟ್ಟಬಾರದು. ಮೂತ್ರ ಹೋಗುತ್ತಿರುವಾಗಲೇ ನಿಲ್ಲಿಸಿ ಅಭ್ಯಾಸ ಮಾಡುವುದೂ ಬೇಡ, ಮೂತ್ರಚೀಲ ಪೂರ್ತಿ ಖಾಲಿಯಾಗದೆ ಸೋಂಕಿಗೆ ದಾರಿಯಾದೀತು. ಇವತ್ತಿನಿಂದಲೇ ಉಪಯೋಗಕ್ಕೆ ಬರುವ ಉಪಾಯವೂ ಒಂದಿದೆ: ನಗು ಉಕ್ಕಿ ಬರುತ್ತಿದೆ ಅನ್ನಿಸಿದೊಡನೆ, ನಗುವ ಮುಂಚೆಯೇ, ಆ ಸ್ನಾಯುವನ್ನು ಬಿಗಿಯಿರಿ. ಕೂತಿದ್ದರೆ ಕಾಲ ಮೇಲೆ ಕಾಲು ಹಾಕಿಕೊಳ್ಳಿ. ಕೆಮ್ಮು, ಸೀನಿಗೂ ಇದೇ.

ಸೋರುತ್ತದೆಂದು ನೀರು ಕುಡಿಯುವುದನ್ನು ನಿಲ್ಲಿಸಬೇಡಿ, ದಿನಕ್ಕೆ ಆರೆಂಟು ಲೋಟ ಬೇಕೇಬೇಕು. ಕಡಿಮೆ ಮಾಡಬೇಕಾದದ್ದು ಕಾಫಿ. ತೋಟದ ಮನೆಗಳಲ್ಲಿ ಐದಾರು ಲೋಟ ಸಲೀಸಾಗಿ ಆಗಿಬಿಡುತ್ತದೆ. ಎರಡಕ್ಕೆ ಇಳಿಸಿ ನೋಡಿ. ಉರಿಮೂತ್ರ, ಮೂತ್ರದಲ್ಲಿ ರಕ್ತ, ಯೋನಿಯಲ್ಲಿ ಏನೋ ಕೆಳಗೆ ಜಾರಿದಂತೆ ಅನ್ನಿಸುವುದು, ನಗದಿದ್ದರೂ ತಡೆಯಲಾಗದ ಅವಸರ ಇವುಗಳಲ್ಲಿ ಯಾವುದಿದ್ದರೂ ಮೂರು ತಿಂಗಳು ಕಾಯದೆ ಸ್ತ್ರೀರೋಗ ತಜ್ಞರನ್ನು ಕಾಣಿ.

ಪ್ರಶ್ನೆ: ಮಗನಿಗೆ 11 ವರ್ಷ. ಆಡುತ್ತಾ ನಕ್ಕರೆ ಕೆಮ್ಮು ಶುರುವಾಗಿ ನಿಲ್ಲುವುದೇ ಇಲ್ಲ, ಕೆಲವೊಮ್ಮೆ ಸುಯ್ ಸುಯ್ ಶಬ್ದ. ನಗಬೇಡ ಎಂದು ಗದರುತ್ತೇವೆ. – ಸೋಮವಾರಪೇಟೆಯ ತಾಯಿ

ಉತ್ತರ: ದಯವಿಟ್ಟು ಗದರಬೇಡಿ. ನಗು ಅವನ ಕಾಯಿಲೆಯನ್ನು ಹೊರಗೆ ತೋರಿಸುತ್ತಿದೆ, ಅಷ್ಟೆ. ನಗುವಾಗ ಗಾಳಿ ರಭಸದಿಂದ ಒಳಗೆ ಹೊರಗೆ ಓಡಾಡಿ ಶ್ವಾಸನಾಳವನ್ನು ತಣ್ಣಗಾಗಿಸಿ ಒಣಗಿಸುತ್ತದೆ. ಆರೋಗ್ಯವಂತ ಶ್ವಾಸನಾಳ ಇದನ್ನು ತಾಳಿಕೊಳ್ಳುತ್ತದೆ, ಆಸ್ತಮಾ ಇರುವ ಶ್ವಾಸನಾಳ ಬಿಗಿದುಕೊಳ್ಳುತ್ತದೆ. ನಕ್ಕರೆ ಕೆಮ್ಮು ಬರುವುದು ಆಸ್ತಮಾ ಹತೋಟಿಯಲ್ಲಿಲ್ಲ ಎಂಬುದರ ಲಕ್ಷಣ ಇರಬಹುದು. ಮಕ್ಕಳ ವೈದ್ಯರಲ್ಲಿ ತೋರಿಸಿ, ಊದುವ ಪರೀಕ್ಷೆ ಮಾಡಿಸಿ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಕೆಮ್ಮು, ರಾತ್ರಿ ಎಚ್ಚರವಾಗುವುದು, ಓಡಲಾಗದಿರುವುದು ಇದ್ದರೆ ಬರೆದುಕೊಂಡು ಹೋಗಿ.

ಇನ್‌ಹೇಲರ್ ಕೊಟ್ಟರೆ ಹೆದರಬೇಡಿ, ಚಟವಾಗುವುದಿಲ್ಲ. ಸ್ಪೇಸರ್, ಅಂದರೆ ಇನ್‌ಹೇಲರ್‌ಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆಯ ಜೊತೆಗೇ ಬಳಸಿ. ಅಲ್ಲಾಡಿಸಿ, ಸ್ಪೇಸರ್ ಬಾಯಲ್ಲಿಟ್ಟುಕೊಂಡ ಮೇಲೆ ಒಂದೇ ಒಂದು ಸಲ ಒತ್ತಿ, ಐದು ಸಲ ಮಾಮೂಲಿ ಉಸಿರಾಡಲಿ. ಎರಡನೇ ಡೋಸ್‌ಗೆ ಅರ್ಧ ನಿಮಿಷ ಬಿಟ್ಟು ಮತ್ತೆ ಅಲ್ಲಾಡಿಸಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಹೆಚ್ಚಿನ ಔಷಧಿ ಗೋಡೆಗೇ ಅಂಟುತ್ತದೆ. ಸ್ಪೇಸರನ್ನು ಸೋಪು ನೀರಲ್ಲಿ ಅದ್ದಿ ತೆಗೆದು ಹಾಗೆಯೇ ಆರಲು ಬಿಡಿ. ಬಟ್ಟೆಯಲ್ಲಿ ಉಜ್ಜಿ ಒರೆಸಿದರೆ ಪ್ಲಾಸ್ಟಿಕ್‌ನಲ್ಲಿ ವಿದ್ಯುದಂಶ ಹುಟ್ಟಿ ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಸ್ಟೆರಾಯ್ಡ್ ಇನ್‌ಹೇಲರ್ ಆದ ಮೇಲೆ ಬಾಯಿ ಮುಕ್ಕಳಿಸಬೇಕು. ಕೆಮ್ಮು ನಿಂತಿತೆಂದು ದಿನನಿತ್ಯದ ಇನ್‌ಹೇಲರ್ ನಿಲ್ಲಿಸಬಾರದು.

ಮನೆಯನ್ನೂ ಒಮ್ಮೆ ನೋಡಿ. ಮಳೆಗಾಲದಲ್ಲಿ ಹಸಿ ಸೌದೆಯ ಹೊಗೆ, ಒಲೆಯ ಮೇಲೆ ಒಣಹಾಕಿದ ಬಟ್ಟೆಯ ಆವಿ, ಗೋಡೆಯ ಮೂಲೆಯಲ್ಲಿ ಕಟ್ಟಿದ ಕಪ್ಪು ಬೂಷ್ಟು ಮೂರೂ ಸೇರಿ ಅವನ ಎದೆಗೆ ಕೂರುತ್ತವೆ. ಕನಿಷ್ಠ ಅವನು ಮಲಗುವ ಕೋಣೆಯಲ್ಲಿ ಇವು ಇರದಿರಲಿ. ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ಉಸಿರೆಳೆದಾಗ ಪಕ್ಕೆ ಗುಳಿಬೀಳುವುದು, ತುಟಿ ನೀಲಿಯಾಗುವುದು ಕಂಡರೆ ವೈದ್ಯರು ಬರೆದುಕೊಟ್ಟ ತುರ್ತು ಇನ್‌ಹೇಲರ್ ಕೊಡುತ್ತಲೇ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ನಕ್ಕರೆ ಶುಗರ್ ಇಳಿಯುತ್ತದಂತೆ, ತೂಕವೂ ಇಳಿಯುತ್ತದಂತೆ. ಮಾತ್ರೆ ಕಡಿಮೆ ಮಾಡಬಹುದೇ? – ಕುಶಾಲನಗರ

ಉತ್ತರ: ಬೇಡ. 2003ರಲ್ಲಿ ಜಪಾನಿನಲ್ಲಿ ಮಧುಮೇಹ ಇರುವ 19 ಮಂದಿಗೆ ಒಂದು ದಿನ ಊಟವಾದ ಮೇಲೆ ನೀರಸ ಉಪನ್ಯಾಸ, ಇನ್ನೊಂದು ದಿನ ಹಾಸ್ಯ ಕಾರ್ಯಕ್ರಮ ಇಟ್ಟು ರಕ್ತ ಪರೀಕ್ಷಿಸಿದ್ದರು. ನಕ್ಕ ದಿನ ಊಟದ ನಂತರದ ಸಕ್ಕರೆಯ ಏರಿಕೆ ಸುಮಾರು 45 ಮಿಲಿಗ್ರಾಂನಷ್ಟು ಕಡಿಮೆಯಿತ್ತು. ಖುಷಿಯ ಸುದ್ದಿಯೇ, ಆದರೆ ಅದು ಒಂದು ಊಟದ ಲೆಕ್ಕ, ನಿಮ್ಮ ಮೂರು ತಿಂಗಳ ಸರಾಸರಿಯ ಲೆಕ್ಕವಲ್ಲ. ತೂಕದ ವಿಷಯಕ್ಕೆ ಬಂದರೆ, 10–15 ನಿಮಿಷ ನಿಜವಾಗಿ ನಕ್ಕರೆ ಖರ್ಚಾಗುವುದು 10ರಿಂದ 40 ಕ್ಯಾಲೊರಿ. ಕಾಫಿಗೆ ಹಾಕಿದ ಎರಡು ಚಮಚ ಸಕ್ಕರೆಗೆ ಅದು ಸರಿಹೋಯಿತು.

ಪ್ರಶ್ನೆ: ಅವ್ವ ನಾಪೋಕ್ಲು ಹತ್ತಿರ ತೋಟದ ಮನೆಯಲ್ಲಿ ಒಬ್ಬರೇ ಇದ್ದಾರೆ, 74 ವರ್ಷ. ನಾನು ಬೆಂಗಳೂರಿನಲ್ಲಿ. ದಿನಾ ತಮಾಷೆಯ ವಿಡಿಯೊ ಕಳಿಸುತ್ತೇನೆ, ‘ನೋಡಿದೆ’ ಅನ್ನುತ್ತಾರೆ ಅಷ್ಟೆ. ಮೊದಲಿನ ಹಾಗೆ ನಗುವುದೇ ಇಲ್ಲ.

ಉತ್ತರ: ಒಬ್ಬರೇ ಕೂತು ನಗುವವರು ಕಡಿಮೆ. ನಗುವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ರಾಬರ್ಟ್ ಪ್ರೊವೈನ್ ಕಂಡಂತೆ, ಒಂಟಿಯಾಗಿರುವಾಗಿನದಕ್ಕಿಂತ ಜನರ ಜೊತೆ ಇರುವಾಗ ನಾವು 30 ಪಟ್ಟು ಹೆಚ್ಚು ನಗುತ್ತೇವೆ, ಅದೂ ಬಹುಪಾಲು ಜೋಕಿಗಲ್ಲ, ಮಾಮೂಲಿ ಮಾತಿಗೆ. ಆಕ್ಸ್‌ಫರ್ಡ್‌ನ ರಾಬಿನ್ ಡನ್ಬಾರ್ ತಂಡ ಜನರನ್ನು ಗುಂಪಾಗಿ ನಗಿಸಿ, ತೋಳಿಗೆ ಬಿಪಿ ಪಟ್ಟಿ ಬಿಗಿದು ನೋವು ಎಷ್ಟು ತಾಳುತ್ತಾರೆಂದು ಅಳೆದಾಗ ನಕ್ಕವರ ತಾಳಿಕೆ ಹೆಚ್ಚಿತ್ತು. ಹಾಗಾಗಿ ವಿಡಿಯೊ ಕಳಿಸುವ ಬದಲು ಫೋನ್ ಮಾಡಿ. ಪಕ್ಕದ ತೋಟದವರು ಯಾರೆಂದು ಕೇಳಿ, ಹಳೆಯ ಪುತ್ತರಿ ಹಬ್ಬದ ಮಾತು ತೆಗೆಯಿರಿ. ಆಟಿ ತಿಂಗಳ ಮಳೆಯಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಹೋಗುವುದರಿಂದ ವಾರಕ್ಕೆರಡು ದಿನ ಯಾರಾದರೂ ಮನೆಗೇ ಬಂದು ಕೂರುವ ಏರ್ಪಾಡು ಮಾಡಿ.

ಆದರೆ ‘ಮೊದಲಿನ ಹಾಗೆ ನಗುವುದಿಲ್ಲ’ ಎಂಬ ನಿಮ್ಮ ಮಾತನ್ನು ಹಗುರವಾಗಿ ಬಿಡಲಾಗದು. ಮುಂದಿನ ಸಲ ಊರಿಗೆ ಹೋದಾಗ ನಾಲ್ಕು ಸಂಗತಿ ನೋಡಿ. ಕಿವಿ ಕೇಳಿಸುತ್ತಿದೆಯೇ? ಮಾತೇ ಸರಿಯಾಗಿ ಕೇಳದವರು ನಗುವ ಗುಂಪಿನಿಂದ ತಾವಾಗಿ ಹಿಂದೆ ಸರಿಯುತ್ತಾರೆ. ಹಲ್ಲುಸೆಟ್ ಸಡಿಲವಾಗಿ, ಬಿದ್ದೀತೆಂದು ಬಾಯಿ ಬಿಗಿಹಿಡಿಯುತ್ತಿದ್ದಾರೆಯೇ? ಮುಖವೇ ಬಿಗಿದಂತಾಗಿ, ಕಣ್ಣು ಮಿಟುಕಿಸುವುದು ಕಡಿಮೆಯಾಗಿ, ನಡಿಗೆ ನಿಧಾನವಾಗಿದೆಯೇ? ಮನಸ್ಸಿನಲ್ಲಿ ನಗು ಇದ್ದರೂ ಮುಖಕ್ಕೆ ಬಾರದಿರುವುದು ಪಾರ್ಕಿನ್ಸನ್ ಕಾಯಿಲೆಯ ಮೊದಲ ಲಕ್ಷಣಗಳಲ್ಲಿ ಒಂದಾಗಿರಬಹುದು. ಕೊನೆಯದು, ಎರಡು ವಾರಕ್ಕಿಂತ ಹೆಚ್ಚು ದಿನ ಊಟ, ನಿದ್ದೆ, ಹೂಗಿಡ ಯಾವುದರಲ್ಲೂ ಆಸಕ್ತಿ ಇಲ್ಲವೇ? ಅದು ಖಿನ್ನತೆ ಇರಬಹುದು, ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಉಚಿತವಾಗಿ ಮಾತನಾಡಬಹುದು.

ಪ್ರಶ್ನೆ: ಅಪ್ಪನಿಗೆ ಆರು ತಿಂಗಳ ಹಿಂದೆ ಸ್ಟ್ರೋಕ್ ಆಗಿತ್ತು. ಈಗ ಸಾವಿನ ಮನೆಯಲ್ಲೂ ಗಹಗಹಿಸಿ ನಗುತ್ತಾರೆ, ಮರುಕ್ಷಣ ಅಳುತ್ತಾರೆ. ಬುದ್ಧಿ ಕೆಟ್ಟಿದೆ ಎಂದು ಊರವರು ಹೇಳುತ್ತಾರೆ. – ಗೋಣಿಕೊಪ್ಪ

ಉತ್ತರ: ಬುದ್ಧಿ ಕೆಟ್ಟಿಲ್ಲ. ನಗುವನ್ನೂ ಅಳುವನ್ನೂ ಅಂಕೆಯಲ್ಲಿಡುವ ಮೆದುಳಿನ ದಾರಿಗೆ ಸ್ಟ್ರೋಕ್‌ನಿಂದ ಪೆಟ್ಟಾದಾಗ ಮನಸ್ಸಿನಲ್ಲಿ ಇಲ್ಲದ ನಗು ಮುಖದಲ್ಲಿ ಸಿಡಿಯುತ್ತದೆ. ಇದನ್ನು ಸ್ಯೂಡೋಬಲ್ಬಾರ್ ಅಫೆಕ್ಟ್ ಎನ್ನುತ್ತಾರೆ. ತಾನು ನಗಬಾರದ ಕಡೆ ನಗುತ್ತಿದ್ದೇನೆ ಎಂದು ಸಾಮಾನ್ಯವಾಗಿ ಅವರಿಗೇ ಗೊತ್ತಿರುತ್ತದೆ, ಅದರ ನಾಚಿಕೆಯಲ್ಲೇ ಅವರು ಕುಗ್ಗುತ್ತಾರೆ. ನರರೋಗ ತಜ್ಞರಿಗೆ ತೋರಿಸಿ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೇ ಇದಕ್ಕೂ ಕೆಲಸ ಮಾಡುತ್ತವೆ.

ಶುರುವಾದಾಗ ‘ಸುಮ್ಮನಿರಿ’ ಎಂದು ಗದರಬೇಡಿ, ಜೊತೆಗೆ ನಗಲೂಬೇಡಿ. ಎರಡರಿಂದಲೂ ಅದು ಲಂಬಿಸುತ್ತದೆ. ಕೂತಿದ್ದರೆ ಎಬ್ಬಿಸಿ ನಿಲ್ಲಿಸಿ, ಭುಜ ಸಡಿಲ ಬಿಡಿಸಿ, ನಿಧಾನವಾಗಿ ಉಸಿರಾಡಲು ಹೇಳಿ, ತೋಟದ ಕೆಲಸವೋ ಹಾಕಿ ಆಟವೋ ಬೇರೆ ಮಾತು ತೆಗೆಯಿರಿ. ಹೋಗುವ ಮನೆಯವರಿಗೆ ಮೊದಲೇ ಒಂದು ಮಾತು ತಿಳಿಸಿ, ಬಾಗಿಲ ಪಕ್ಕ ಜಾಗ ಇಟ್ಟುಕೊಳ್ಳಿ. ನಗುವಾಗ ಕಣ್ಣು ನೆಟ್ಟಿದ್ದು, ಕರೆದರೆ ಓಗೊಡದೆ, ಒಂದೇ ರೀತಿ ಅರ್ಧ ನಿಮಿಷದಲ್ಲಿ ಮುಗಿಯುತ್ತಿದ್ದರೆ ಅದು ಫಿಟ್ಸ್ ಇರಬಹುದು, ಅದಕ್ಕೆ ಬೇರೆಯೇ ಔಷಧಿ. ಆಗ ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಂಡು, ಶುರುವಾದ ಸಮಯ, ಮುಗಿದ ಸಮಯ ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ.