ಹೆಡರ್ ಎರಡು ಮಾಡಿದ ಮೇಲೆ ಐಆಕ್ಟಲ್ ಮ್ಯಾಕ್ರೋ ಸಿಗದಿದ್ದರೆ

ನಿಮ್ಮ ಲಿನಕ್ಸ್ ಡ್ರೈವರಿನ ಎರಡೂ ಹೆಡರ್ ಫೈಲಿನಲ್ಲಿ ಒಂದೇ ಇನ್‌ಕ್ಲೂಡ್ ಗಾರ್ಡ್ (ಫೈಲು ಎರಡು ಸಲ ಸೇರದಂತೆ ತಡೆಯುವ ಹೆಸರು) ಇರೋದೇ ಕಾರಣ ಇರಬಹುದು. ಡ್ರೈವರ್ ಹೆಡರನ್ನು 'ಇನ್‌ಕ್ಲೂಡ್/ಲಿನಕ್ಸ್' ಮತ್ತು 'ಇನ್‌ಕ್ಲೂಡ್/ಯುಎಪಿಐ/ಲಿನಕ್ಸ್' (ಯುಎಪಿಐ ಅಂದರೆ ಯೂಸರ್‌ಸ್ಪೇಸಿಗೆ, ಅಂದರೆ ಕರ್ನಲಿನ ಹೊರಗಿನ ಪ್ರೋಗ್ರಾಮುಗಳಿಗೂ, ಕಾಣುವ ಭಾಗ) ಎರಡರಲ್ಲೂ ಒಂದೇ ಹೆಸರಲ್ಲಿ ಇಟ್ಟ ಮೇಲೆ ಐಆಕ್ಟಲ್ ಮ್ಯಾಕ್ರೋ (ಪ್ರೋಗ್ರಾಮು ಡ್ರೈವರಿಗೆ ಕೊಡುವ ಆದೇಶದ ಹೆಸರು) ಡಿಕ್ಲೇರ್ ಆಗಿಲ್ಲ ಅಂತ ಎರರ್ ಬರ್ತಿದೆ ಅಂದಿದ್ದೀರಿ. ಕರ್ನಲ್ ಹೆಡರ್ ('ಇನ್‌ಕ್ಲೂಡ್/ಲಿನಕ್ಸ್'ನಲ್ಲಿರೋದು) ಮೊದಲು ತನ್ನ ಗಾರ್ಡ್ ಡಿಫೈನ್ ಮಾಡಿ, ಆಮೇಲೆ ಯುಎಪಿಐ ಫೈಲನ್ನು ಒಳಗೆ ತರುತ್ತದೆ. ಅಲ್ಲೂ ಅದೇ ಗಾರ್ಡ್ ಇದ್ದರೆ ಪ್ರಿಪ್ರೊಸೆಸರ್ (ಕಂಪೈಲಿಗೆ ಮೊದಲು ಇನ್‌ಕ್ಲೂಡ್ ಬಿಡಿಸುವ ಭಾಗ) ಇಡೀ ಫೈಲನ್ನು ಸುಮ್ನೆ ಬಿಟ್ಟುಬಿಡುತ್ತದೆ. ಒಂದು ವಾರ್ನಿಂಗೂ ಬರಲ್ಲ.

ಮೊದಲು ಯುಎಪಿಐ ಫೈಲಿನ ಗಾರ್ಡ್ ಹೆಸರಿನ ಮುಂದೆ 'ಅಂಡರ್‌ಸ್ಕೋರ್ ಯುಎಪಿಐ' ಸೇರಿಸಿ. 'ಮೇಕ್ ಹೆಡರ್ಸ್ ಇನ್‌ಸ್ಟಾಲ್' (ಯೂಸರ್‌ಸ್ಪೇಸಿಗೆ ಹೆಡರ್ ಕಾಪಿ ಮಾಡುವ ಕಮಾಂಡ್) ಮಾಡುವಾಗ ಆ ಭಾಗ ತಾನಾಗಿಯೇ ಹೋಗುತ್ತದೆ, ಯೂಸರ್‌ಸ್ಪೇಸಿಗೆ ತೊಂದರೆ ಇಲ್ಲ.

ಆಗಲೂ ಎರರ್ ಹೋಗದಿದ್ದರೆ ಕರ್ನಲ್ ಹೆಡರಿನಲ್ಲಿರುವ ಇನ್‌ಕ್ಲೂಡ್ ಸಾಲು ನೋಡಿ. ನಿಮ್ಮ ಕೋಡ್ ಕಾಣಿಸ್ತಿಲ್ಲ, ಹಾಗಾಗಿ ಇದು ಊಹೆ: ಅಲ್ಲಿ 'ಯುಎಪಿಐ/ಲಿನಕ್ಸ್' ಬದಲು ಬರೀ 'ಲಿನಕ್ಸ್' ಅಂತಿದ್ದರೆ ಫೈಲು ತನ್ನನ್ನೇ ಕರೆದುಕೊಳ್ಳುತ್ತದೆ.

ಇಷ್ಟಾದ ಮೇಲೆ ರಿಜಿಸ್ಟರ್ ಆಫ್‌ಸೆಟ್, ಪ್ರೈವೇಟ್ ಸ್ಟ್ರಕ್ಟ್‌ನಂಥ ಡ್ರೈವರ್ ಒಳಗೆ ಮಾತ್ರ ಬಳಸುವ ಎಲ್ಲವನ್ನೂ ಡ್ರೈವರಿನ ಸಿ ಫೈಲಿನ ಪಕ್ಕ ಬೇರೆ ಹೆಡರಿಗೆ ಹಾಕಿ, ಡಬಲ್ ಕೋಟ್‌ನಲ್ಲಿ ಇನ್‌ಕ್ಲೂಡ್ ಮಾಡಿ. 'ಇನ್‌ಕ್ಲೂಡ್/ಲಿನಕ್ಸ್' ಇರೋದು ಬೇರೆ ಡ್ರೈವರುಗಳೂ ಕರೆಯುವ ಫಂಕ್ಷನ್‌ಗಳಿಗೆ. ಅಂಥದ್ದೇನೂ ಇಲ್ಲದಿದ್ದರೆ ಅಲ್ಲಿನ ಫೈಲನ್ನು ಅಳಿಸಿಬಿಡಿ, ಗಾರ್ಡಿನ ತಲೆನೋವೇ ಇರಲ್ಲ.

ಯುಎಪಿಐ ಸ್ಟ್ರಕ್ಟ್‌ಗಳಲ್ಲಿ 'ಯು32' (32 ಬಿಟ್ ಸಂಖ್ಯೆಯ ಟೈಪ್) ಇದ್ದರೆ ಅದರ ಮುಂದೆ ಎರಡು ಅಂಡರ್‌ಸ್ಕೋರ್ ಹಾಕಿ. ಕೊನೆಗೆ ಹೆಡರ್ಸ್ ಇನ್‌ಸ್ಟಾಲ್ ಮಾಡಿ, ಬಿಲ್ಡ್ ಡೈರೆಕ್ಟರಿಯ 'ಯುಎಸ್‌ಆರ್/ಇನ್‌ಕ್ಲೂಡ್' ಅನ್ನು ಇನ್‌ಕ್ಲೂಡ್ ಪಾತ್ ಆಗಿ ಕೊಟ್ಟು ನಿಮ್ಮ ಯೂಸರ್‌ಸ್ಪೇಸ್ ಟೂಲ್ ಕಂಪೈಲ್ ಮಾಡಿ ನೋಡಿ.